ಹೆಪಟೈಟಿಸ್ ಸಿ ಮಾತ್ರೆ ಮುಗಿಸಿದ ಮೇಲೂ ವೈರಸ್ ಉಳಿದಿದೆಯಾ? ಎರಡನೇ ಸಲದ ಚಿಕಿತ್ಸೆ, ಹೆಜ್ಜೆ ಹೆಜ್ಜೆಯಾಗಿ

ಈಗಿನ ಮಾತ್ರೆಗಳನ್ನು ಸರಿಯಾಗಿ ತಗೊಂಡವರಲ್ಲಿ ನೂರಕ್ಕೆ 95ರಷ್ಟು ಜನಕ್ಕೆ ಹೆಪಟೈಟಿಸ್ ಸಿ ಪೂರ್ತಿ ವಾಸಿಯಾಗುತ್ತದೆ. ಈ ಬರಹ ಉಳಿದ ಕೆಲವರಿಗೆ, ಮತ್ತು ಅವರ ಮನೆಯವರಿಗೆ.

ಈ ಕೆಲವರು ಮತ್ತೆ ಮತ್ತೆ ಒಂದೇ ಜಾಗದಲ್ಲಿ ಎಡವುತ್ತಾರೆ. ರಿಪೋರ್ಟ್‌ನಲ್ಲಿ ವೈರಸ್ ಇನ್ನೂ ಇದೆ ಅಂತ ಬಂದ ತಕ್ಷಣ ಹಳೆಯ ಚೀಟಿ ಹಿಡಿದುಕೊಂಡು ಮೆಡಿಕಲ್ಸ್‌ಗೆ ಹೋಗುತ್ತಾರೆ. ಅದೇ ಮಾತ್ರೆಯನ್ನು ಇನ್ನೂ 12 ವಾರ ನುಂಗುತ್ತಾರೆ. ಅಥವಾ ಗಾಬರಿಯಾಗಿ ಎಲ್ಲವನ್ನೂ ಬಿಟ್ಟು ಊರ ಕಡೆಯ ಬೇರಿನ ಔಷಧಿಗೆ ಹೋಗುತ್ತಾರೆ. ಎರಡೂ ತಪ್ಪು. ಎರಡನೇ ಸಲ ಗುಣವಾಗುವ ದಾರಿ ಖಂಡಿತ ಇದೆ. ಆದರೆ ಮೊದಲ ಮಾತ್ರೆ ನುಂಗುವ ಮೊದಲು ಮಾಡಬೇಕಾದ ಕೆಲಸವೇ ಜಾಸ್ತಿ, ಅದನ್ನು ಕ್ರಮವಾಗಿ ಮಾಡಬೇಕು. ಮಾತ್ರೆ ಆರಿಸುವುದು ವೈದ್ಯರ ಕೆಲಸ. ಅವರು ಸರಿಯಾಗಿ ಆರಿಸಲು ಬೇಕಾದ್ದನ್ನೆಲ್ಲ ಅವರ ಮುಂದೆ ಇಡುವುದು ನಿಮ್ಮ ಕೆಲಸ.

## 1. ಮೊದಲು ಖಚಿತ ಮಾಡಿಕೊಳ್ಳಿ: ಚಿಕಿತ್ಸೆ ನಿಜವಾಗಿಯೂ ಫೇಲ್ ಆಗಿದೆಯಾ?

ಗುಣವಾದವರೂ ಎಷ್ಟೋ ಜನ ಸುಮ್ನೆ ಹೆದರಿಕೊಂಡಿರುತ್ತಾರೆ. ಕಾರಣ ಆಂಟಿಬಾಡಿ ಪರೀಕ್ಷೆ. ಆಂಟಿ-ಎಚ್‌ಸಿವಿ ಅನ್ನುವ ಈ ಪರೀಕ್ಷೆ ಒಮ್ಮೆ ಪಾಸಿಟಿವ್ ಆದರೆ ವೈರಸ್ ಹೋದ ಮೇಲೂ ವರ್ಷಗಟ್ಟಲೆ, ಹೆಚ್ಚಿನವರಲ್ಲಿ ಜೀವನಪೂರ್ತಿ, ಪಾಸಿಟಿವ್ ಆಗಿಯೇ ಇರುತ್ತದೆ. ಆಪರೇಷನ್‌ಗೆ ಮುಂಚೆ ಅಥವಾ ಹೆಲ್ತ್ ಚೆಕಪ್‌ನಲ್ಲಿ ಮಾಡುವುದು ಇದನ್ನೇ. ಅದರಿಂದ ಚಿಕಿತ್ಸೆ ಫೇಲ್ ಆಯಿತು ಅಂತ ಹೇಳಲು ಬರುವುದಿಲ್ಲ.

ಬೇಕಾಗಿರುವುದು ಎಚ್‌ಸಿವಿ ಆರ್‌ಎನ್‌ಎ ಪರೀಕ್ಷೆ. ಲ್ಯಾಬ್‌ನಲ್ಲಿ 'ಎಚ್‌ಸಿವಿ ವೈರಲ್ ಲೋಡ್' ಅಥವಾ 'ಎಚ್‌ಸಿವಿ ಪಿಸಿಆರ್' ಅಂತ ಕೇಳಿ. ಇದನ್ನು ಮಾಡಿಸುವ ಸಮಯವೂ ಮುಖ್ಯ. ಕೊನೆಯ ಮಾತ್ರೆ ನುಂಗಿ 12 ವಾರ ಕಳೆದ ಮೇಲೆ ಬರುವ ಫಲಿತಾಂಶವೇ ತೀರ್ಪು. ಮಾತ್ರೆ ಮುಗಿದ ದಿನ ವೈರಸ್ ಕಾಣಲಿಲ್ಲ ಅಂದರೆ ಗೆದ್ದಂತಲ್ಲ. ಎಷ್ಟೋ ಜನ ಆ ಒಂದು ರಿಪೋರ್ಟ್ ನೋಡಿ ಖುಷಿಯಾಗಿ ಮತ್ತೆ ಆಸ್ಪತ್ರೆ ಕಡೆ ತಲೆ ಹಾಕುವುದಿಲ್ಲ. ವೈರಸ್ ವಾಪಸ್ ಬರುವುದಾದರೆ ಸಾಮಾನ್ಯವಾಗಿ ಆಮೇಲಿನ ಆ 12 ವಾರದಲ್ಲೇ ಬರುತ್ತದೆ.

ರಿಪೋರ್ಟ್‌ನ ಸಾಲನ್ನು ಅಕ್ಷರ ಬಿಡದೆ ಓದಿ. 'ಟಾರ್ಗೆಟ್ ನಾಟ್ ಡಿಟೆಕ್ಟೆಡ್' ಅಂದರೆ ವೈರಸ್ ಸಿಕ್ಕಿಲ್ಲ. 'ಡಿಟೆಕ್ಟೆಡ್, 15ಕ್ಕಿಂತ ಕಡಿಮೆ' ಅಂತ ಇದ್ದರೆ ಅದು ಬೇರೆಯೇ ಮಾತು: ವೈರಸ್ ಸಿಕ್ಕಿದೆ, ಆದರೆ ಮಷೀನ್ ಎಣಿಸುವಷ್ಟು ಇಲ್ಲ. ಇಂಥ ಫಲಿತಾಂಶ ಬಂದರೆ ಕೆಲವು ವಾರ ಬಿಟ್ಟು ಅದೇ ಪರೀಕ್ಷೆ ಮತ್ತೆ ಮಾಡಿಸಬೇಕು. ಒಂದೇ ಚಿಕ್ಕ ಸಂಖ್ಯೆ ನೋಡಿ ಚಿಕಿತ್ಸೆ ಶುರು ಮಾಡಬೇಡಿ.

## 2. ಹಳೆಯ ಕಾಗದಗಳನ್ನು ಒಂದೇ ಫೈಲಿಗೆ ಹಾಕಿ

ಇದು ಬೇಜಾರಿನ ಕೆಲಸ, ನಿಜ. ಆದರೆ ಎರಡನೇ ಸಲದ ಔಷಧಿ ನಿರ್ಧಾರವಾಗುವುದೇ ಇದರ ಮೇಲೆ. "ಬಿಳಿ ಡಬ್ಬಿಯಲ್ಲಿ ಬರ್ತಿತ್ತು ಡಾಕ್ಟ್ರೇ, ದಿನಕ್ಕೊಂದು" ಅಂದರೆ ವೈದ್ಯರಿಗೆ ಏನೂ ತಿಳಿಯುವುದಿಲ್ಲ.

ಮುಖ್ಯವಾಗಿ ಹುಡುಕಬೇಕಾದ್ದು ಹಿಂದೆ ತಗೊಂಡ ಮಾತ್ರೆಯ ಹೆಸರು. ಖಾಲಿ ಡಬ್ಬಿ ಮನೆಯಲ್ಲಿದ್ದರೆ ಅದರ ಮೇಲಿನ ಸಣ್ಣಕ್ಷರದ ಫೋಟೋ ತೆಗೆಯಿರಿ. ಬ್ರ್ಯಾಂಡ್ ಹೆಸರು ಸಾಲದು, ಅದರ ಕೆಳಗೆ ಬರೆದಿರುವ ಔಷಧಿಯ ಹೆಸರು ಬೇಕು. 2015ರ ಹೊತ್ತಿಗೆ ಸೋಫೋಸ್ಬುವಿರ್ ನಮ್ಮಲ್ಲಿ ಬಂದ ಹೊಸದರಲ್ಲಿ ಬಹಳ ಜನ ಅದನ್ನು ಬರೀ ರೈಬಾವಿರಿನ್ ಜೊತೆ ತಗೊಂಡರು. ಆಮೇಲೆ ಡಾಕ್ಲಾಟಾಸ್ವಿರ್, ಲೆಡಿಪಾಸ್ವಿರ್, ವೆಲ್ಪಟಾಸ್ವಿರ್ ಬಂದವು. ಅದಕ್ಕೂ ಮುಂಚಿನವರು ವಾರಕ್ಕೊಂದು ಇಂಟರ್‌ಫೆರಾನ್ ಇಂಜೆಕ್ಷನ್ ಚುಚ್ಚಿಸಿಕೊಂಡವರು.

ಈ ಮೂರು ಗುಂಪಿಗೆ ಮುಂದಿನ ದಾರಿ ಬೇರೆ ಬೇರೆ. ಇಂಟರ್‌ಫೆರಾನ್ ಮಾತ್ರ ಫೇಲ್ ಆದವರಿಗೆ ಈಗಿನ ಮಾತ್ರೆಗಳು ಹೆಚ್ಚುಕಡಿಮೆ ಹೊಸ ರೋಗಿಗೆ ಕೊಟ್ಟಂತೆಯೇ ಕೆಲಸ ಮಾಡುತ್ತವೆ. ಹೆಸರಿನ ಕೊನೆಯಲ್ಲಿ 'ಆಸ್ವಿರ್' ಅಂತ ಬರುವ ಡಾಕ್ಲಾಟಾಸ್ವಿರ್, ಲೆಡಿಪಾಸ್ವಿರ್, ವೆಲ್ಪಟಾಸ್ವಿರ್ ತಗೊಂಡು ಫೇಲ್ ಆದವರದ್ದೇ ನಿಜವಾದ ಕಷ್ಟ. ಈ ಔಷಧಿಗಳು ವೈರಸ್‌ನ ಎನ್‌ಎಸ್-5-ಎ ಅನ್ನುವ ಪ್ರೋಟೀನಿನ ಮೇಲೆ ದಾಳಿ ಮಾಡುತ್ತವೆ. ಬದುಕಿ ಉಳಿದ ವೈರಸ್ ಅಲ್ಲೇ ರೂಪ ಬದಲಿಸಿಕೊಂಡಿರುತ್ತದೆ, ಮತ್ತೆ ವರ್ಷಗಟ್ಟಲೆ ಹಾಗೆಯೇ ಇರಬಹುದು. ಅದಕ್ಕೇ ಹಳೆಯ ಮಾತ್ರೆಯನ್ನೇ ಅಷ್ಟೇ ದಿನ ಮತ್ತೆ ನುಂಗಿದರೆ ಉಪಯೋಗವಿಲ್ಲ.

ಹಳೆಯ ಜೀನೋಟೈಪ್ (ವೈರಸ್ ಯಾವ ತಳಿಯದ್ದು ಅಂತ ಹೇಳುವ) ರಿಪೋರ್ಟ್, ಚಿಕಿತ್ಸೆಗೆ ಮುಂಚಿನ ಮತ್ತು ನಂತರದ ವೈರಲ್ ಲೋಡ್, ಸ್ಕ್ಯಾನ್‌ಗಳು, ಶುರು ಮಾಡಿದ ಮತ್ತು ಮುಗಿಸಿದ ದಿನಾಂಕ ಇವೂ ಇರಲಿ. ಲ್ಯಾಬ್‌ಗಳಲ್ಲಿ ಹಳೆಯ ರಿಪೋರ್ಟ್ ಫೋನ್ ನಂಬರ್ ಕೊಟ್ಟರೆ ಸಿಗುವ ಸಾಧ್ಯತೆ ಇದೆ, ಕೇಳಿ ನೋಡಿ.

## 3. ಯಾಕೆ ಫೇಲ್ ಆಯಿತು? ಉತ್ತರ ಸಿಗುವವರೆಗೆ ಬಿಡಬೇಡಿ

ಈ ಹೆಜ್ಜೆಯನ್ನೇ ಎಲ್ಲರೂ ಹಾರಿಬಿಡುತ್ತಾರೆ. ಕಾರಣ ಹಾಗೇ ಉಳಿದರೆ ಎರಡನೇ ಸಲವೂ ಅದೇ ಆಗುತ್ತದೆ, ಅಲ್ವಾ?

ಮಾತ್ರೆ ತಪ್ಪಿದ್ದು. ಸುಸ್ತು ಕಡಿಮೆಯಾಯಿತು ಅಂತ ಮೂರನೇ ಡಬ್ಬಿ ತಗೊಳ್ಳದೇ ಬಿಟ್ಟವರು, ಊರಿಗೆ ಹೋದಾಗ ಮಾತ್ರೆ ಮರೆತವರು, ಸ್ಟಾಕ್ ಇಲ್ಲ ಅಂತ ನಡುವೆ ಗ್ಯಾಪ್ ಆದವರು. ವೈದ್ಯರು ಬೈಯುತ್ತಾರೆ ಅಂತ ಇದನ್ನು ಮುಚ್ಚಿಡಬೇಡಿ. ಮಾತ್ರೆ ಬಿಟ್ಟು ಫೇಲ್ ಆಗುವುದಕ್ಕೂ ಪೂರ್ತಿ ತಗೊಂಡು ಫೇಲ್ ಆಗುವುದಕ್ಕೂ ಚಿಕಿತ್ಸೆಯ ಲೆಕ್ಕ ಬೇರೆ.

ಸಿರೋಸಿಸ್, ಅಂದರೆ ಲಿವರ್ ಕಲೆಗಟ್ಟಿ ಗಟ್ಟಿಯಾಗಿರುವುದು, ಗಮನಕ್ಕೆ ಬಾರದೇ ಹೋಗಿದ್ದು. ನಮ್ಮ ದೇಶದಲ್ಲಿ ಜೀನೋಟೈಪ್ 3 ಜಾಸ್ತಿ. ಜೀನೋಟೈಪ್ 3 ಮತ್ತು ಸಿರೋಸಿಸ್ ಎರಡೂ ಇದ್ದವರಿಗೆ ಸಾಮಾನ್ಯ ಕೋರ್ಸ್ ಸಾಲದೇ ಹೋಗುವುದುಂಟು.

ಬೇರೆ ಔಷಧಿ ಅಡ್ಡ ಬಂದಿದ್ದು. ಗ್ಯಾಸ್ ಮಾತ್ರೆ, ಫಿಟ್ಸ್ ಮಾತ್ರೆ, ಟಿಬಿ ಮಾತ್ರೆ. ಇದರ ಬಗ್ಗೆ 7ನೇ ಹೆಜ್ಜೆಯಲ್ಲಿ ವಿವರವಾಗಿ ಬರೆದಿದ್ದೇನೆ.

ಹೊಸದಾಗಿ ಸೋಂಕು ತಗುಲಿದ್ದು. ಒಮ್ಮೆ ಗುಣವಾದರೂ ಹೆಪಟೈಟಿಸ್ ಸಿ ಮತ್ತೆ ಬರಬಹುದು. ಡಯಾಲಿಸಿಸ್‌ಗೆ ಹೋಗುವವರು, ಸೂಜಿ ಹಂಚಿಕೊಳ್ಳುವವರು, ಸರಿಯಾಗಿ ಶುಚಿ ಮಾಡದ ಸೂಜಿಯಲ್ಲಿ ಹಚ್ಚೆ ಹಾಕಿಸಿಕೊಂಡವರು ಇದನ್ನು ಯೋಚಿಸಬೇಕು. ಮಾತ್ರೆ ಮುಗಿದು 12 ವಾರಕ್ಕೆ ನೆಗೆಟಿವ್ ಬಂದು ವರ್ಷದ ಮೇಲೆ ಪಾಸಿಟಿವ್ ಆಗಿದ್ದರೆ, ಅಥವಾ ಜೀನೋಟೈಪ್ 1 ಇದ್ದದ್ದು ಈಗ 3 ಅಂತ ಬಂದರೆ ಇದು ಬಹುತೇಕ ಹೊಸ ಸೋಂಕು. ಹಾಗಿದ್ದರೆ ಒಳ್ಳೆಯದೇ ಆಯಿತು ಅನ್ನಬೇಕು, ಯಾಕೆಂದರೆ ಹೊಸ ರೋಗಿಯ ಚಿಕಿತ್ಸೆಯೇ ಸಾಕಾಗಬಹುದು. ಹಾಗಾಗಿ ಜೀನೋಟೈಪ್ ಪರೀಕ್ಷೆ ಈ ಸಲ ಮತ್ತೆ ಮಾಡಿಸಿ, ಹಳೆಯದರ ಮೇಲೆ ಹೋಗಬೇಡಿ.

## 4. ಲಿವರ್ ಯಾವ ಹಂತದಲ್ಲಿದೆ ಅಂತ ತಿಳಿದುಕೊಳ್ಳಿ

ಇಲ್ಲಿ ಎರಡು ಪ್ರಶ್ನೆಗಳಿವೆ. ಸಿರೋಸಿಸ್ ಇದೆಯಾ? ಇದ್ದರೆ ಲಿವರ್ ಇನ್ನೂ ಸಂಭಾಳಿಸುತ್ತಿದೆಯಾ, ಅಥವಾ ಕೈಚೆಲ್ಲಿದೆಯಾ?

ಮೊದಲನೆಯದಕ್ಕೆ ಫೈಬ್ರೋಸ್ಕ್ಯಾನ್ ಇದೆ. ನೋವಿಲ್ಲ, ಪಕ್ಕೆಯ ಮೇಲೆ ಪ್ರೋಬ್ ಇಟ್ಟು ಮೆತ್ತಗೆ ತಟ್ಟಿದ ಹಾಗೆ ಆಗುತ್ತದೆ ಅಷ್ಟೇ. ಹೆಪಟೈಟಿಸ್ ಸಿಯಲ್ಲಿ 12.5 ಕಿಲೋಪಾಸ್ಕಲ್ ಅಥವಾ ಅದಕ್ಕಿಂತ ಜಾಸ್ತಿ ಬಂದರೆ ಸಿರೋಸಿಸ್ ಅಂತ ನೋಡುತ್ತಾರೆ. ಸ್ಕ್ಯಾನ್‌ಗೆ 3 ಗಂಟೆ ಮುಂಚಿನಿಂದ ಏನೂ ತಿನ್ನಬಾರದು. ದರ್ಶಿನಿಯಲ್ಲಿ ಮಸಾಲೆ ದೋಸೆ ತಿಂದು ಸೀದಾ ಸ್ಕ್ಯಾನ್‌ಗೆ ಹೋದರೆ ಸಂಖ್ಯೆ ಸುಳ್ಳಾಗಿ ಜಾಸ್ತಿ ಬರುತ್ತದೆ. ಫೈಬ್ರೋಸ್ಕ್ಯಾನ್ ಆಗದಿದ್ದರೆ ವಯಸ್ಸು, ಎಎಸ್‌ಟಿ ಮತ್ತು ಎಎಲ್‌ಟಿ (ಲಿವರ್‌ನ ರಕ್ತ ಪರೀಕ್ಷೆಗಳು), ಪ್ಲೇಟ್‌ಲೆಟ್ ಇಷ್ಟನ್ನೇ ಇಟ್ಟುಕೊಂಡು ಫಿಬ್-4 ಅನ್ನುವ ಲೆಕ್ಕ ಮಾಡಬಹುದು. 3.25 ದಾಟಿದರೆ ಲಿವರ್‌ನಲ್ಲಿ ಕಲೆ ಬಹಳ ಮುಂದುವರಿದಿದೆ ಅಂತ ಅರ್ಥ.

ಎರಡನೇ ಪ್ರಶ್ನೆಗೆ ಬಿಲಿರುಬಿನ್, ಆಲ್ಬುಮಿನ್, ಐಎನ್‌ಆರ್ (ರಕ್ತ ಹೆಪ್ಪುಗಟ್ಟುವುದನ್ನು ಅಳೆಯುವ ಪರೀಕ್ಷೆ), ಹೊಟ್ಟೆಯಲ್ಲಿ ನೀರು, ಮಂಕು ಈ ಐದನ್ನು ಕೂಡಿಸಿ ಚೈಲ್ಡ್-ಪ್ಯೂ ಸ್ಕೋರ್ ಹಾಕುತ್ತಾರೆ. 5 ಅಥವಾ 6 ಇದ್ದರೆ 'ಎ'. 7 ಮತ್ತು ಮೇಲೆ ಇದ್ದರೆ 'ಬಿ' ಅಥವಾ 'ಸಿ'. ಈ ಅಕ್ಷರ ನಿಮ್ಮ ಫೈಲಿನ ಮೇಲೆ ದೊಡ್ಡದಾಗಿ ಇರಬೇಕು. ಕೆಲವು ಮಾತ್ರೆಗಳು 'ಎ' ಇದ್ದವರಿಗೆ ಜೀವ ಉಳಿಸುತ್ತವೆ, 'ಬಿ' ಮತ್ತು 'ಸಿ' ಇದ್ದವರಿಗೆ ಅವೇ ಅಪಾಯ ತರುತ್ತವೆ.

ಇದೇ ಸಮಯಕ್ಕೆ ಹೊಟ್ಟೆಯ ಅಲ್ಟ್ರಾಸೌಂಡ್ ಮಾಡಿಸಿ. ಲಿವರ್‌ನಲ್ಲಿ ಕ್ಯಾನ್ಸರ್ ಗಡ್ಡೆ ಇದ್ದರೆ ವೈರಸ್ ಮಾತ್ರೆಯ ಫಲ ಕಡಿಮೆಯಾಗುತ್ತದೆ. ಆಗ ಯಾವುದಕ್ಕೆ ಮೊದಲು ಚಿಕಿತ್ಸೆ ಅನ್ನುವುದನ್ನು ವೈದ್ಯರು ನಿರ್ಧರಿಸಬೇಕಾಗುತ್ತದೆ.

## 5. ಉಳಿದ ರಕ್ತ ಪರೀಕ್ಷೆಗಳು

ಹೆಪಟೈಟಿಸ್ ಬಿ ಪರೀಕ್ಷೆ ಬಿಡಲೇಬೇಡಿ. ಎಚ್‌ಬಿಎಸ್‌ಎಜಿ ಜೊತೆಗೆ ಆಂಟಿ-ಎಚ್‌ಬಿಸಿ ಟೋಟಲ್ ಕೂಡ ಬೇಕು. ಸಿ ವೈರಸ್ ಕರಗುತ್ತಾ ಬಂದಾಗ ಮೂಲೆಯಲ್ಲಿ ಅಡಗಿದ್ದ ಬಿ ವೈರಸ್ ಎದ್ದು ಕೂರಬಹುದು. ಇದರಿಂದ ಲಿವರ್ ಪೂರ್ತಿ ಕೈಕೊಟ್ಟ ಪ್ರಕರಣಗಳು ವರದಿಯಾದ ಮೇಲೆ, 2016ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಈ ಮಾತ್ರೆಗಳ ಮೇಲೆ ತನ್ನ ಅತಿ ಗಂಭೀರ ಎಚ್ಚರಿಕೆಯನ್ನೇ ಹಾಕಿಸಿತು.

ಎಚ್‌ಐವಿ, ಕ್ರಿಯಾಟಿನಿನ್, ಹಿಮೋಗ್ಲೋಬಿನ್, ಶುಗರ್ ಇವೂ ಬೇಕು. ಹೆರುವ ವಯಸ್ಸಿನ ಹೆಣ್ಣುಮಕ್ಕಳಿಗೆ ಗರ್ಭ ಪರೀಕ್ಷೆಯೂ ಆಗಬೇಕು.

## 6. ಬೆಂಗಳೂರಿನಲ್ಲಿ ಯಾರ ಹತ್ತಿರ ಹೋಗಬೇಕು, ಯಾವ ಔಷಧಿ ಕೇಳಬಹುದು

ಮೊದಲ ಸಲ ಫಿಸಿಶಿಯನ್ ಬರೆದುಕೊಟ್ಟರೆ ನಡೆಯುತ್ತದೆ. ಎರಡನೇ ಸಲಕ್ಕೆ ಲಿವರ್ ತಜ್ಞರು ಅಥವಾ ಗ್ಯಾಸ್ಟ್ರೋಎಂಟರಾಲಜಿಸ್ಟ್ ಆಗಲೇಬೇಕು.

ಕೇಂದ್ರ ಸರ್ಕಾರದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮ 2018ರ ಜುಲೈ 28ರಂದು ಶುರುವಾಯಿತು. ಇದರಲ್ಲಿ ಪರೀಕ್ಷೆಯೂ ಮಾತ್ರೆಯೂ ಉಚಿತ. ಒಮ್ಮೆ ಫೇಲ್ ಆದವರನ್ನು ಕಾರ್ಯಕ್ರಮದ 'ಮಾದರಿ ಚಿಕಿತ್ಸಾ ಕೇಂದ್ರ'ಕ್ಕೆ ಕಳಿಸುವ ವ್ಯವಸ್ಥೆ ಇದೆ. ವಿಕ್ಟೋರಿಯಾದಂಥ ದೊಡ್ಡ ಸರ್ಕಾರಿ ಆಸ್ಪತ್ರೆಗೆ ಹೋಗಿ ಈ ಕಾರ್ಯಕ್ರಮದ ಕೌಂಟರ್ ಎಲ್ಲಿದೆ ಅಂತ ಕೇಳಿ. ಕೆ.ಆರ್. ಮಾರ್ಕೆಟ್ ಮೆಟ್ರೋ ನಿಲ್ದಾಣದಿಂದ ನಡೆದೇ ಹೋಗಬಹುದು. ಹೊರರೋಗಿ ವಿಭಾಗದಲ್ಲಿ ರಶ್ ಇರುತ್ತದೆ, ಬೆಳಗ್ಗೆ ಬೇಗ ಹೋಗಿ, ಫೈಲ್ ಮರೆಯಬೇಡಿ. ಲಕ್ಷಗಟ್ಟಲೆ ಸಾಲ ಮಾಡುವ ಮೊದಲು ಈ ಒಂದು ಬಾಗಿಲು ತಟ್ಟಿ ನೋಡಿ ಅನ್ನುವುದು ನನ್ನ ಕಳಕಳಿಯ ಮಾತು.

ವೈದ್ಯರು ಹೇಳಬಹುದಾದ ಆಯ್ಕೆಗಳು ಹೀಗಿವೆ. ಜಗತ್ತಿನ ಬೇರೆ ಕಡೆ ಮೊದಲ ಆಯ್ಕೆ ಸೋಫೋಸ್ಬುವಿರ್, ವೆಲ್ಪಟಾಸ್ವಿರ್, ವಾಕ್ಸಿಲಾಪ್ರೆವಿರ್ ಮೂರೂ ಸೇರಿದ ಮಾತ್ರೆ, 12 ವಾರ. 2017ರಲ್ಲಿ ಪ್ರಕಟವಾದ ಪೋಲಾರಿಸ್-1 ಅಧ್ಯಯನದಲ್ಲಿ ಎನ್‌ಎಸ್-5-ಎ ಔಷಧಿ ಫೇಲ್ ಆದವರಲ್ಲಿ ನೂರಕ್ಕೆ 96 ಜನ ಇದರಿಂದ ಗುಣವಾದರು. ಆದರೆ ಇದು ನಮ್ಮಲ್ಲಿ ಸುಲಭವಾಗಿ ಕೈಗೆ ಸಿಗುವ ಮಾತ್ರೆಯಲ್ಲ. ಮತ್ತೆ, ಚೈಲ್ಡ್-ಪ್ಯೂ 'ಬಿ' ಅಥವಾ 'ಸಿ' ಇದ್ದವರು, ಅಂದರೆ ಹೊಟ್ಟೆಯಲ್ಲಿ ನೀರು ತುಂಬಿದವರು, ಜಾಂಡೀಸ್ ಏರಿದವರು ಇದನ್ನು ಮುಟ್ಟಬಾರದು. ಹೆಸರಿನ ಕೊನೆಯಲ್ಲಿ 'ಪ್ರೆವಿರ್' ಇರುವ ಎಲ್ಲ ಮಾತ್ರೆಗೂ ಇದೇ ನಿಯಮ.

ನಮ್ಮ ಕಡೆ ಹೆಚ್ಚಾಗಿ ಕೊಡುವುದು ಸೋಫೋಸ್ಬುವಿರ್-ವೆಲ್ಪಟಾಸ್ವಿರ್ ಜೊತೆ ರೈಬಾವಿರಿನ್, 24 ವಾರ. 2017ರ ಇನ್ನೊಂದು ಅಧ್ಯಯನದಲ್ಲಿ ಹೀಗೆ ತಗೊಂಡವರಲ್ಲಿ ನೂರಕ್ಕೆ 91 ಜನ ಗುಣವಾದರು, ಜೀನೋಟೈಪ್ 3 ಇದ್ದವರಲ್ಲಿ 78. ಲಿವರ್ ಕೈಚೆಲ್ಲಿದವರಿಗೂ ಇದನ್ನೇ ಕೊಡುತ್ತಾರೆ, ರೈಬಾವಿರಿನ್ ಪ್ರಮಾಣ ಕಡಿಮೆಯಿಂದ ಶುರು ಮಾಡಿ. ಅಂಥವರು ಲಿವರ್ ಕಸಿ ಮಾಡುವ ತಂಡದ ಅಭಿಪ್ರಾಯವನ್ನೂ ಮೊದಲೇ ಪಡೆಯಬೇಕು. ಕೆಲವರಿಗೆ ಮೊದಲು ಕಸಿ, ಆಮೇಲೆ ವೈರಸ್ ಮಾತ್ರೆ ಅನ್ನುವ ಕ್ರಮವೇ ಸರಿ.

"ಅದೇ ಮಾತ್ರೆ, ಮತ್ತೆ 12 ವಾರ, ಬೇರೇನೂ ಸೇರಿಸುವುದು ಬೇಡ" ಅಂತ ಯಾರಾದರೂ ಬರೆದುಕೊಟ್ಟರೆ ಯಾಕೆ ಅಂತ ವಿನಯದಿಂದಲೇ ಕೇಳಿ. ಉತ್ತರ ಸಮಾಧಾನ ಕೊಡದಿದ್ದರೆ ಇನ್ನೊಬ್ಬರ ಹತ್ತಿರ ತೋರಿಸಿ.

## 7. ಮನೆಯಲ್ಲಿರುವ ಎಲ್ಲ ಮಾತ್ರೆಗಳನ್ನೂ ಚೀಲಕ್ಕೆ ಹಾಕಿಕೊಂಡು ಹೋಗಿ

ಎಲ್ಲ ಅಂದರೆ ಎಲ್ಲ. ಬಿಪಿ, ಶುಗರ್, ಕೊಲೆಸ್ಟ್ರಾಲ್ ಮಾತ್ರೆ, ಆಯುರ್ವೇದದ ಚೂರ್ಣ, ಪ್ರೋಟೀನ್ ಪುಡಿ.

ದೊಡ್ಡ ಸಮಸ್ಯೆ ಗ್ಯಾಸ್ ಮಾತ್ರೆಯದ್ದು. ನಮ್ಮಲ್ಲಿ ಬೆಳಗ್ಗೆ ಎದ್ದು ಖಾಲಿ ಹೊಟ್ಟೆಗೆ ಒಂದು ಪ್ಯಾನ್ ನುಂಗುವುದು ಕಾಫಿ ಕುಡಿಯುವಷ್ಟೇ ಮಾಮೂಲು. ಅದನ್ನು ಔಷಧಿ ಅಂತ ಯಾರೂ ಲೆಕ್ಕಕ್ಕೇ ಹಿಡಿಯುವುದಿಲ್ಲ, ವೈದ್ಯರು ಕೇಳಿದರೂ ಹೇಳುವುದಿಲ್ಲ. ಆದರೆ ವೆಲ್ಪಟಾಸ್ವಿರ್ ಮೈಗೆ ಹತ್ತಬೇಕಾದರೆ ಹೊಟ್ಟೆಯಲ್ಲಿ ಆಸಿಡ್ ಇರಬೇಕು. ಪ್ಯಾಂಟೊಪ್ರಜೋಲ್, ಒಮೆಪ್ರಜೋಲ್, ರಾಬೆಪ್ರಜೋಲ್ ಆ ಆಸಿಡ್ಡನ್ನೇ ತಡೆಯುತ್ತವೆ. ಮಾತ್ರೆ ನುಂಗಿದರೂ ರಕ್ತಕ್ಕೆ ಸೇರುವುದು ಕಡಿಮೆಯಾಗುತ್ತದೆ. ಮೊದಲ ಸಲ ಡಾಕ್ಲಾಟಾಸ್ವಿರ್ ತಗೊಂಡಿದ್ದವರಿಗೆ ಈ ತೊಂದರೆ ಅಷ್ಟಾಗಿ ಇರಲಿಲ್ಲ, ಅದಕ್ಕೇ "ಆಗ ಏನೂ ಆಗಲಿಲ್ಲವಲ್ಲ" ಅಂತ ಈಗಲೂ ಮುಂದುವರಿಸುತ್ತಾರೆ. ಗ್ಯಾಸ್ ಮಾತ್ರೆ ನಿಲ್ಲಿಸಬಹುದಾ ಅಂತ ವೈದ್ಯರನ್ನು ಕೇಳಿ. ನಿಲ್ಲಿಸಲು ಆಗುವುದೇ ಇಲ್ಲ ಅಂದರೆ ವೆಲ್ಪಟಾಸ್ವಿರ್ ಮಾತ್ರೆಯನ್ನು ಊಟದ ಜೊತೆ ತಗೊಂಡು, 4 ಗಂಟೆ ಕಳೆದ ಮೇಲೆ ಕಡಿಮೆ ಪ್ರಮಾಣದ ಗ್ಯಾಸ್ ಮಾತ್ರೆ ತಗೊಳ್ಳುವ ಕ್ರಮವಿದೆ. ಜೆಲುಸಿಲ್, ಡೈಜೀನ್ ತರಹದ್ದಕ್ಕೂ 4 ಗಂಟೆ ಅಂತರ ಇರಲಿ.

ಹೃದಯದ ಬಡಿತಕ್ಕೆ ಅಮಿಯೋಡರೋನ್ ತಗೊಳ್ಳುವವರು ಇನ್ನೂ ಎಚ್ಚರವಾಗಿರಬೇಕು. ಸೋಫೋಸ್ಬುವಿರ್ ಜೊತೆ ಸೇರಿದರೆ ಬಡಿತ ಪ್ರಾಣಾಪಾಯ ಆಗುವಷ್ಟು ಇಳಿಯಬಹುದು. ಜಯದೇವದಲ್ಲೋ ಬೇರೆ ಕಡೆಯೋ ತೋರಿಸುತ್ತಿದ್ದರೆ ಆ ಫೈಲನ್ನೂ ತಗೊಂಡು ಹೋಗಿ. ಅಮಿಯೋಡರೋನ್ ನಿಲ್ಲಿಸಿದ ಮೇಲೂ ತಿಂಗಳುಗಟ್ಟಲೆ ಮೈಯಲ್ಲಿ ಉಳಿಯುತ್ತದೆ, ಹಾಗಾಗಿ "ಹೋದ ತಿಂಗಳೇ ಬಿಟ್ಟೆ" ಅನ್ನುವುದನ್ನೂ ಹೇಳಬೇಕು.

ಟಿಬಿಗೆ ಕೊಡುವ ರಿಫಾಂಪಿಸಿನ್, ಫಿಟ್ಸ್‌ಗೆ ಕೊಡುವ ಫೆನಿಟಾಯಿನ್, ಕಾರ್ಬಮಜೆಪೀನ್ ಇವು ವೈರಸ್ ಮಾತ್ರೆಯ ಬಲವನ್ನೇ ಇಳಿಸುತ್ತವೆ. ಫಿಟ್ಸ್ ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ, ನರರೋಗ ತಜ್ಞರು ಬೇರೆ ಮಾತ್ರೆಗೆ ಬದಲಿಸಿಕೊಡುತ್ತಾರೆ. ಕೊಲೆಸ್ಟ್ರಾಲ್ ಮಾತ್ರೆಯ ಪ್ರಮಾಣವನ್ನೂ ಕೇಳಿಕೊಳ್ಳಿ.

ನೆಲನೆಲ್ಲಿ ರಸ, ಕಾಮಾಲೆ ಬೇರು, ಅಮೃತಬಳ್ಳಿ ಕಷಾಯ ಈ ಅವಧಿಯಲ್ಲಿ ಬೇಡವೇ ಬೇಡ. ಅಮೃತಬಳ್ಳಿಯಿಂದ ಲಿವರ್‌ಗೆ ಪೆಟ್ಟು ಬಿದ್ದ ಪ್ರಕರಣಗಳು ನಮ್ಮ ದೇಶದಿಂದಲೇ ವರದಿಯಾಗಿವೆ. ಅಜ್ಜಿ ಪ್ರೀತಿಯಿಂದ ಕೊಟ್ಟರೂ ಈಗ ಬೇಡ ಅಜ್ಜಿ ಅನ್ನಿ. ಮದ್ಯ ಪೂರ್ತಿ ಬಂದ್.

## 8. ಮಾತ್ರೆ ಶುರು: ದಿನದ ಕ್ರಮ

ಸೋಫೋಸ್ಬುವಿರ್-ವೆಲ್ಪಟಾಸ್ವಿರ್ ಡಬ್ಬಿಯಲ್ಲಿ 28 ಮಾತ್ರೆ ಇರುತ್ತವೆ. 24 ವಾರಕ್ಕೆ 6 ಡಬ್ಬಿ. ಕೈಯಲ್ಲಿರುವ ಡಬ್ಬಿ ಮುಗಿಯಲು ಒಂದು ವಾರ ಇರುವಾಗಲೇ ಮುಂದಿನದು ಮನೆಯಲ್ಲಿರಬೇಕು. ದಸರಾ, ದೀಪಾವಳಿ ರಜೆ ಬಂದು ಕೌಂಟರ್ ಮುಚ್ಚಿರುವ ದಿನಗಳನ್ನು ಮೊದಲೇ ನೋಡಿಕೊಳ್ಳಿ.

ದಿನವೂ ಒಂದೇ ಹೊತ್ತಿಗೆ ತಗೊಳ್ಳಿ. ಕ್ಯಾಲೆಂಡರ್‌ನ ಆ ದಿನದ ಚೌಕಕ್ಕೆ ಗುರುತು ಹಾಕಿ. ಮರೆತದ್ದು 18 ಗಂಟೆಯ ಒಳಗೆ ನೆನಪಾದರೆ ಆಗಲೇ ತಗೊಳ್ಳಿ. ಅದೂ ದಾಟಿದ್ದರೆ ಬಿಟ್ಟು ಮುಂದಿನದನ್ನು ಅದರ ಹೊತ್ತಿಗೆ ತಗೊಳ್ಳಿ, ಎರಡು ಒಟ್ಟಿಗೆ ಬೇಡ. ನುಂಗಿ 3 ಗಂಟೆಯ ಒಳಗೆ ವಾಂತಿಯಾದರೆ ಇನ್ನೊಂದು ತಗೊಳ್ಳಬೇಕು.

ರೈಬಾವಿರಿನ್ ಬೇರೆ ಥರ. ಸಾಮಾನ್ಯವಾಗಿ 75 ಕೆಜಿಗಿಂತ ಕಡಿಮೆ ಇದ್ದವರಿಗೆ ದಿನಕ್ಕೆ 1000 ಮಿಲಿಗ್ರಾಂ, ಅದಕ್ಕಿಂತ ಜಾಸ್ತಿ ಇದ್ದವರಿಗೆ 1200, ಬೆಳಗ್ಗೆ ರಾತ್ರಿ ಹಂಚಿ ತಿಂಡಿ ಊಟದ ಜೊತೆ. ಕಿಡ್ನಿ ತೊಂದರೆ ಇದ್ದರೆ ಪ್ರಮಾಣ ತುಂಬಾ ಕಡಿಮೆ. ಇದು ಕೆಂಪು ರಕ್ತಕಣಗಳನ್ನು ಒಡೆಯುತ್ತದೆ. ಅದಕ್ಕೇ 2ನೇ ವಾರ, 4ನೇ ವಾರ, ಆಮೇಲೆ ತಿಂಗಳಿಗೊಮ್ಮೆ ಹಿಮೋಗ್ಲೋಬಿನ್ ನೋಡಬೇಕು. 10ಕ್ಕಿಂತ ಕೆಳಗೆ ಬಂದರೆ ವೈದ್ಯರು ಪ್ರಮಾಣ ಇಳಿಸುತ್ತಾರೆ, 8.5ಕ್ಕಿಂತ ಇಳಿದರೆ ನಿಲ್ಲಿಸುತ್ತಾರೆ. ಅವರು ಹೇಳದೆ ನೀವಾಗಿಯೇ ಇಳಿಸಬೇಡಿ.

ಸಕ್ಕರೆ ಕಾಯಿಲೆ ಇರುವವರಿಗೆ ಒಂದು ಮಾತು. ರೈಬಾವಿರಿನ್ ತಗೊಳ್ಳುವಾಗ ಎಚ್‌ಬಿಎ1ಸಿ (ಮೂರು ತಿಂಗಳ ಸರಾಸರಿ ಶುಗರ್ ಪರೀಕ್ಷೆ) ಸುಳ್ಳಾಗಿ ಕಡಿಮೆ ತೋರಿಸುತ್ತದೆ. ಅದನ್ನು ನಂಬಬೇಡಿ, ಬೆರಳಿನ ರಕ್ತದ ಶುಗರ್ ನೋಡಿ. ಇನ್ನೊಂದು ಕಡೆ, ವೈರಸ್ ಕಡಿಮೆಯಾದಂತೆ ಶುಗರ್ ನಿಜವಾಗಿಯೂ ಇಳಿಯುವುದುಂಟು. ಇನ್ಸುಲಿನ್ ತಗೊಳ್ಳುವವರಿಗೆ ಲೋ ಶುಗರ್ ಆಗಬಹುದು.

ರೈಬಾವಿರಿನ್ ಹೊಟ್ಟೆಯಲ್ಲಿರುವ ಮಗುವಿಗೆ ಅಂಗವೈಕಲ್ಯ ತರುತ್ತದೆ. ಗಂಡ ತಗೊಂಡರೂ ಅಷ್ಟೇ ಅಪಾಯ ಅಂತಲೇ ನಡೆದುಕೊಳ್ಳಬೇಕು. ಚಿಕಿತ್ಸೆ ನಡೆಯುವಾಗ ಮತ್ತು ಮುಗಿದು ಕನಿಷ್ಠ 6 ತಿಂಗಳು ಗರ್ಭ ನಿಲ್ಲದಂತೆ ನೋಡಿಕೊಳ್ಳಿ. ವೈದ್ಯರು ಇನ್ನೂ ಜಾಸ್ತಿ ಹೇಳಿದರೆ ಹಾಗೆಯೇ ಮಾಡಿ. ಸಂಕೋಚ ಬೇಡ, ಮೊದಲ ದಿನವೇ ಮಾತಾಡಿ.

## 9. ಇವು ಕಂಡರೆ ಕಾಯಬೇಡಿ

ಸ್ವಲ್ಪ ತಲೆನೋವು, ಸುಸ್ತು, ವಾಕರಿಕೆ ಸಾಮಾನ್ಯ. ಕೆಳಗಿನವು ಹಾಗಲ್ಲ:

- ಕಣ್ಣು ಹಳದಿಯಾಗುವುದು, ಮೂತ್ರ ಕಡು ಬಣ್ಣಕ್ಕೆ ತಿರುಗುವುದು
- ಹೊಟ್ಟೆ ಉಬ್ಬುತ್ತಾ ಹೋಗುವುದು, ಕಾಲು ಊದುವುದು
- ರಕ್ತ ವಾಂತಿ, ಅಥವಾ ಡಾಂಬರಿನಂತೆ ಕಪ್ಪಗೆ ಅಂಟು ಮಲ
- ಹಗಲು ನಿದ್ದೆ, ರಾತ್ರಿ ಎಚ್ಚರ, ಮಾತು ತಡವರಿಸುವುದು, ಮನೆಯವರ ಗುರುತು ಸಿಗದಿರುವುದು
- ಮೆಟ್ಟಿಲು ಹತ್ತಿದರೆ ಉಸಿರು ಕಟ್ಟುವುದು, ಎದೆನೋವು, ತಲೆ ತಿರುಗಿ ಬೀಳುವುದು

ರಕ್ತ ವಾಂತಿ, ಕಪ್ಪು ಮಲ, ಮಂಕು, ಎದೆನೋವು, ಪ್ರಜ್ಞೆ ತಪ್ಪುವುದು ಇವಕ್ಕೆ ಮುಂದಿನ ಅಪಾಯಿಂಟ್‌ಮೆಂಟ್ ಕಾಯುವಂತಿಲ್ಲ. 108ಕ್ಕೆ ಫೋನ್ ಮಾಡಿ. ರಾತ್ರಿ ಎಚ್ಚರವಾಗಿದ್ದು ಹಗಲು ಮಲಗುವುದನ್ನು "ವಯಸ್ಸಾಯ್ತು" ಅಂತ ತಳ್ಳಿಹಾಕುವುದು ಮನೆಗಳಲ್ಲಿ ತುಂಬಾ ಆಗುತ್ತದೆ. ಸಿರೋಸಿಸ್ ಇರುವವರಲ್ಲಿ ಅದು ಮೆದುಳಿಗೆ ವಿಷ ಏರುತ್ತಿರುವ ಮೊದಲ ಗುರುತು ಆಗಿರಬಹುದು.

## 10. ಮುಗಿದ ಮೇಲೆ

ಕೊನೆಯ ಮಾತ್ರೆಯ ದಿನವೇ, ಅಲ್ಲಿಂದ 12 ವಾರದ ದಿನಾಂಕವನ್ನು ಫೋನಿನಲ್ಲಿ ಅಲಾರಂ ಇಟ್ಟುಬಿಡಿ. ಆವತ್ತು ಆರ್‌ಎನ್‌ಎ ಪರೀಕ್ಷೆ. ವೈರಸ್ ಸಿಗದಿದ್ದರೆ ಗುಣವಾಗಿದೆ. ಆ ರಿಪೋರ್ಟನ್ನು ಫೈಲಿನ ಮೊದಲ ಪುಟವಾಗಿ ಇಡಿ, ಮುಂದೆ ಯಾರಾದರೂ ಆಂಟಿಬಾಡಿ ಪಾಸಿಟಿವ್ ನೋಡಿ ಹೆದರಿಸಿದರೆ ತೋರಿಸಲು ಬೇಕಾಗುತ್ತದೆ. ಈ ಸಲವೂ ವೈರಸ್ ಉಳಿದಿದ್ದರೆ, ಯಾವ ಔಷಧಿಗೆ ವೈರಸ್ ಬಗ್ಗುತ್ತಿಲ್ಲ ಅಂತ ತೋರಿಸುವ ರೆಸಿಸ್ಟೆನ್ಸ್ ಪರೀಕ್ಷೆ ಸಾಧ್ಯವೇ ಅಂತ ಕೇಳಿ. ಮೂರನೇ ದಾರಿಗಳೂ ಇವೆ.

ಸಿರೋಸಿಸ್ ಇದ್ದವರು ವೈರಸ್ ಹೋಯಿತು ಅಂತ ಆಸ್ಪತ್ರೆ ಬಿಡುವಂತಿಲ್ಲ. ಲಿವರ್ ಕ್ಯಾನ್ಸರ್‌ನ ಅಪಾಯ ಇಳಿಯುತ್ತದೆ, ಸೊನ್ನೆಯಾಗುವುದಿಲ್ಲ. ಆರು ತಿಂಗಳಿಗೊಮ್ಮೆ ಅಲ್ಟ್ರಾಸೌಂಡ್ ಮತ್ತು ಎಎಫ್‌ಪಿ ಅನ್ನುವ, ಲಿವರ್ ಕ್ಯಾನ್ಸರ್ ಸುಳಿವು ನೋಡುವ ರಕ್ತ ಪರೀಕ್ಷೆ ಮುಂದುವರಿಯಬೇಕು. ಹೆಂಡತಿ, ಗಂಡ, ಮಕ್ಕಳಿಗೆ ಒಮ್ಮೆ ಆಂಟಿಬಾಡಿ ಪರೀಕ್ಷೆ ಮಾಡಿಸಿ. ರೇಜರ್, ಉಗುರು ಕತ್ತರಿ, ಟೂತ್‌ಬ್ರಷ್ ಇವತ್ತಿನಿಂದಲೇ ಬೇರೆ ಬೇರೆ ಇಟ್ಟುಕೊಳ್ಳಿ. ತಟ್ಟೆ, ಲೋಟ, ಹಾಸಿಗೆ ಬೇರೆ ಮಾಡುವುದು ಬೇಡ, ಅವುಗಳಿಂದ ಈ ವೈರಸ್ ಹರಡುವುದಿಲ್ಲ.